ಹಗ್ಗದ ಪಾಠ

ಉಮಿಯೊ ಊರಿನ ಶಾಲೆ. ಹೊರಗೆ ಮೂರಕ್ಕೇ ಕತ್ತಲು.
ವ್ಯಾಯಾಮದ ಹಜಾರದಲ್ಲಿ ಒದ್ದೆ ಸಾಕ್ಸಿನ ವಾಸನೆ,
ತೊಲೆಯಿಂದ ಇಳಿಬಿದ್ದ ಹಗ್ಗ.

ಅರ್ಧಕ್ಕೇ ನಿಂತಿದ್ದಾನೆ ಮೆಲ್ಕರ್, ಹನ್ನೊಂದರ ಹುಡುಗ,
ಕೆಳಕ್ಕೂ ಬಾರ, ಮೇಲಕ್ಕೂ ಹೋಗ.
ಗುನ್ವೋರ್ ಟೀಚರ್ ಕೈಯಲ್ಲಿ ಗಡಿಯಾರ,
ಅಂಕದ ಹಾಳೆ: ಎತ್ತರ, ಸೆಕೆಂಡು.
ಭಯಕ್ಕೆ ಕಾಲಂ ಇಲ್ಲ.

ಗಣಿತಕ್ಕೆ ಹೋಗುವಾಗ ಮೈಯನ್ನೂ
ಕೋಟಿನ ಜೊತೆ ಗೂಟಕ್ಕೆ ಸಿಕ್ಕಿಸಿ ಹೋದವನು
ಇಲ್ಲಿ ಮೈಯೇ ತಾನಾಗಿ
ನಡುಗುತ್ತಿದ್ದಾನೆ.

ಅವಳು ಗಡಿಯಾರವನ್ನು ಜೇಬಿಗಿಳಿಸಿದಳು.
"ಏನು ಕಾಣುತ್ತೆ ಅಲ್ಲಿಂದ?"

ಬಹಳ ಹೊತ್ತು. ಆಮೇಲೆ:
"ಕಿಟಕಿಯ ಮೇಲಂಚಲ್ಲಿ ಯಾರದೋ ಕಳೆದ ಚೆಂಡು.
ಮತ್ತೆ, ಟೀಚರ್, ನನ್ನ ಎದೆಬಡಿತ
ಹಗ್ಗಕ್ಕೂ ಕೇಳಿಸ್ತಿದೆ."

ಹಾಳೆಯಲ್ಲಿ ಅವಳು ಏನು ಬರೆದಳೋ.
ಚೆಂಡು ಇನ್ನೂ ಅಲ್ಲೇ ಇದೆ.