ಓದಲು ಮಾತ್ರ

ಡುಲೂತಿನಲ್ಲಿ ಜನವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಸುಪೀರಿಯರ್ ಸರೋವರ ಬಿಳಿ ಹಲಗೆ ಹೊದ್ದು ಮಲಗಿದೆ.
ಗ್ಯಾರೇಜಿನಲ್ಲಿ, ಹಿಮ ತಳ್ಳುವ ಯಂತ್ರದ ಪಕ್ಕ,
ಆಳೆತ್ತರದ ಆಟದ ಪೆಟ್ಟಿಗೆ.
ಪ್ರಾಕ್ಟರಿನ ಬೌಲಿಂಗ್ ಕಟ್ಟೆ ಮುಚ್ಚಿದ ವಾರ
ಎಂಬತ್ತು ಡಾಲರು, ಮೇಲೆ ನಾಲ್ಕು ಹಳೇ ಟೈರು ಕೊಟ್ಟು
ನಾನೂ ಭಾವಮೈದ ಟೋರ್ವಾಲ್ಡನೂ ಹೊತ್ತು ತಂದದ್ದು.
ಅವನ ಸೊಂಟ ಅದನ್ನಿನ್ನೂ ಮರೆತಿಲ್ಲ.

ಸ್ವಿಚ್ಚು ಒತ್ತಿದರೆ ಪರದೆ ಬೆಳಗುತ್ತಿತ್ತು,
ಒಳಗಿನ ಹಾರ್ಡ್ ಡಿಸ್ಕು ಮಾತ್ರ ಏಳುತ್ತಿರಲಿಲ್ಲ.
ಟಿಕ್. ಟಿಕ್. ಆಮೇಲೊಂದು ನರಳು.
ಬೇರಿಂಗಿನ ಎಣ್ಣೆ ಚಳಿಗೆ ಅಂಟಾಗಿ ಹಿಡಿದುಕೊಂಡಿತ್ತು.
ಕೂದಲು ಒಣಗಿಸುವ ಯಂತ್ರ ಹಿಡಿದು ಮೊಣಕಾಲೂರಿ
ಹತ್ತು ನಿಮಿಷ ಬಿಸಿಗಾಳಿ ಹಾಯಿಸುತ್ತಿದ್ದೆ, ದಿನಾ.
ರಾತ್ರಿ ಪಾಳಿಗೆ ಹೊರಟ ಡಾರ್ಲೀನ್ ಬಾಗಿಲಲ್ಲಿ ನಿಂತು
"ನನ್ನ ಬಾಣಂತನದಲ್ಲೂ ಇಷ್ಟು ಮಾಡಿರಲಿಲ್ಲ" ಅಂದಳು.

ಕಾರ್ಡು ಸಿಕ್ಕದ್ದು ಗಿರವಿ ಅಂಗಡಿಯಲ್ಲಿ, ಕೆಟ್ಟ ಕ್ಯಾಮೆರಾದ ಹೊಟ್ಟೆಯೊಳಗೆ.
ಬಿಸ್ಕತ್ತಿನಗಲ, ನಾಲ್ಕು ಜಿಬಿ.
ತೆರೆದು ನೋಡಿದರೆ ಯಾರದೋ ಮದುವೆ:
ಮದುಮಗಳು ಬಿಳಿ ಕೈಚೀಲ ಕಂಕುಳಲ್ಲಿ ಅವಚಿ
ಸುಟ್ಟ ಮುಸುಕಿನ ಜೋಳ ಕಡಿಯುತ್ತಿದ್ದಾಳೆ.
ಕೈ ಕೊಂಚ ತಡೆಯಿತು.
ಅಳಿಸಿದೆ.

ನಲವತ್ತು ಸೂಜಿಯ ಅಡಾಪ್ಟರು, ಅಗಲ ಪಟ್ಟಿಯ ಕೇಬಲ್ಲು,
ಉಗುರಿಗೆ ಸಿಗದ ಒಂದು ಜಂಪರು.
ಇಡೀ ರಾತ್ರಿ ಹಳೆಯದು ಹೇಳುತ್ತಿತ್ತು, ಹೊಸದು ಬರೆದುಕೊಳ್ಳುತ್ತಿತ್ತು,
ನಡುವೆ ಒಂದು ಕಡೆ ತೊದಲಿ, ಮತ್ತೆ ಮುಂದುವರಿದು.
ಬೆಳಿಗ್ಗೆ ಸ್ವಿಚ್ಚು ಒತ್ತಿದೆ.
ಪೆಟ್ಟಿಗೆಗೆ ಕಿವಿ ಹಚ್ಚಿದೆ: ಏನೂ ಇಲ್ಲ.
ತಲೆ ಎತ್ತಿದರೆ
ಆಟ ಆಗಲೇ ಎದ್ದು ಕೂತು ನಾಣ್ಯ ಕೇಳುತ್ತಿದೆ.
ಅಂಕಪಟ್ಟಿಯಲ್ಲಿ ಬೌಲಿಂಗ್ ಕಟ್ಟೆಯ ಕಾಲದವರು
ಒಬ್ಬರೂ ತಪ್ಪದೆ ಹಾಜರು:
ಡೆಬ್, ಓಲೆ, ಮತ್ತೆ ಡೆಬ್, ಗಸ್, ಡೆಬ್.
ಯಾರೀ ಡೆಬ್? ಇಷ್ಟೊಂದು ಚಿಲ್ಲರೆ ಎಲ್ಲಿತ್ತು ಅವಳಿಗೆ?

ಟೋರ್ವಾಲ್ಡ ಹೆದರಿಸಿದ:
ಈ ಕಾರ್ಡಿನ ಒಂದೊಂದು ಕೋಶಕ್ಕೂ
ಇಷ್ಟೇ ಸಲ ಬರೆಯಬಹುದೆಂಬ ಹಣೆಬರಹವಿದೆ.
ಮುಗಿಯಿತೋ, ಮುಗಿಯಿತು.
ಅದಿರಿನ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷದ ಎಲೆಕ್ಟ್ರಿಷಿಯನ್ ನಾನು,
ಬೆರಳ ಗಾತ್ರದ ಉಕ್ಕಿನ ಹಗ್ಗ ಎಳೆ ಎಳೆಯಾಗಿ ಸವೆದದ್ದು ಕಂಡವನು.
ಬೀಗ ಹಾಕಿದೆ. ಓದಲು ಮಾತ್ರ.
ಇನ್ನು ಇದು ನನಗಿಂತ ಹೆಚ್ಚು ಬಾಳುತ್ತದೆ
ಅಂದುಕೊಂಡು ಒಂದು ಬಿಯರು ತೆರೆದೆ.

ಭಾನುವಾರ ಸಿಗ್ನೆ, ನನ್ನ ಹನ್ನೊಂದರ ಮಗಳು,
ಓಲೆಯನ್ನು ಕೆಳಗಿಳಿಸಿದಳು. ಮೂರಕ್ಷರ ಹೊಡೆದಳು, ತನ್ನವು.
ಸೋಮವಾರ ಹಚ್ಚಿದರೆ: ಡೆಬ್, ಓಲೆ, ಮತ್ತೆ ಡೆಬ್.
ಅವಳು ಏನೂ ಹೇಳಲಿಲ್ಲ. ಮತ್ತೆ ಗೆದ್ದಳು.
ಮಂಗಳವಾರ: ಡೆಬ್, ಓಲೆ.
ಬುಧವಾರ ಊಟದ ಮೇಜಿನಲ್ಲಿ, ಆಲೂಗಡ್ಡೆ ಕಿವುಚುತ್ತಾ,
"ಅಪ್ಪಾ, ಅದಕ್ಕೆ ನಾನು ಗೊತ್ತೇ ಇಲ್ಲ."

ವಿವರಿಸಲು ಹೊರಟೆ: ಕೋಶ, ಸವೆತ, ಆಯುಸ್ಸು.
ಅರ್ಧದಲ್ಲೇ ನನಗೇ ಕೇಳಿಸಿತು
ಮಗುವಿಗೆ ನಾನು ಏನು ಹೇಳುತ್ತಿದ್ದೇನೆಂದು.
ಬರೆದರೆ ಸವೆಯುತ್ತದಂತೆ.
ಬರೆಯದೆ ಮತ್ತೇನು ಮಾಡುವುದಿತ್ತು ಅದು ಇಲ್ಲಿ,
ಈ ಚಳಿಯಲ್ಲಿ?

ಅದೇ ರಾತ್ರಿ ಕೋಟು ಹಾಕಿಕೊಂಡು ಹೋಗಿ ಬೀಗ ತೆಗೆದೆ.
ಟೋರ್ವಾಲ್ಡನಿಗೆ ಇನ್ನೂ ಹೇಳಿಲ್ಲ.
ಹಳೆಯ ಡಿಸ್ಕು ಕಿಟಕಿಯಲ್ಲಿದೆ, ಕರೆಂಟು ಬಿಲ್ಲುಗಳ ಮೇಲೆ ಭಾರಕ್ಕೆ.

ಈಗ ಸಿಗ್ನೆ ಎರಡನೆಯವಳು.
ಡೆಬ್ ಇನ್ನೂ ನೂರನಲವತ್ತು ಅಂಕ ಮುಂದೆ.
ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು
ಉಸಿರಿನ ಹಬೆಯನ್ನು ಗಾಜಿನಿಂದ ಒರೆಸಿ
ಮತ್ತೆ ನಿಂತಿದ್ದಾಳೆ ಮಗಳು,
ಒಂದೇ ಕಾಲ ಮೇಲೆ.