ಮೂರನೆಯ ಸಲ

ವುಚ್ ನಗರದ ಹಳೇ ನೂಲಿನ ಗಿರಣಿಯ ನೆಲಮಾಳಿಗೆಯಲ್ಲಿ
ತಿಂಗಳಿಗೊಂದು ಶುಕ್ರವಾರ ನಾಲ್ವರು ಸೇರುತ್ತಾರೆ,
ಹೆದರಿಕೊಳ್ಳಲಿಕ್ಕೆ.

ಹೆದರಿಕೆ ಈಚೆಗೆ ತುಟ್ಟಿ.
ಪರದೆಯ ಮೇಲೆ ರಕ್ತ ಚಿಮ್ಮಿದರೆ
"ಬೀಟ್‌ರೂಟು" ಅನ್ನುತ್ತಾನೆ ಟ್ರಾಮ್ ಓಡಿಸುವ ಮಿರೊಸ್ವಾವ್,
ತನ್ನ ಬಟ್ಟಲಿನ ಕೆಂಪು ಸಾರಿಗೆ ಕೆನೆ ಕಲಸುತ್ತ.
ಹಲ್ಲಿನ ಡಾಕ್ಟರು ಯೊಲಾಂತಾ
ಬೆನ್ನು ತೋರಿಸಿ ನಿಂತವಳನ್ನು ಕಂಡರೆ ಬೆರಳು ಮಡಿಸುತ್ತಾಳೆ:
ಈಗ ತಿರುಗುತ್ತಾಳೆ, ಈಗ, ಹಾಂ,
ತಿರುಗಿದಳು. ದವಡೆ ನೋಡಿ, ಎಲ್ಲ ಕಟ್ಟಿಸಿದ ಹಲ್ಲು.
ಕತ್ತಲ ಮೆಟ್ಟಿಲು ಒಬ್ಬಳೇ ಇಳಿಯುವ ಹುಡುಗಿಗಂತೂ
ಎಲ್ಲರೂ ಒಟ್ಟಿಗೆ ಬುದ್ಧಿ ಹೇಳುತ್ತಾರೆ,
ಗಂಡನ ಮನೆಗೆ ಹೊರಟವಳಿಗೆ ಹೇಳಿದ ಹಾಗೆ.

ಪುಸ್ತಕದ್ದೂ ಅದೇ ಕತೆ.
ಹಳೇ ಪುಸ್ತಕದಂಗಡಿಯ ಕಾಝಿಕ್ ಹೊತ್ತು ತರುವ ಕಾದಂಬರಿಗಳಲ್ಲಿ
ಇನ್ನೂರು ಪುಟ ಮಂಜು, ಮುನ್ನೂರು ಪುಟ ಹೆಣ.
ಓದಿ, ಮುಚ್ಚಿ, ರಟ್ಟಿನ ಮೇಲೆ ಚಹಾ ಇಟ್ಟು
ಗೊರಕೆ ಹೊಡೆದವರು ಇವರು.
ಅವನು ಬೆಚ್ಚಿದ್ದು ಒಂದೇ ಸಲ:
ಯಾವುದೋ ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ಹಿಂದೆ ಓದಿದವರಾರೋ ಬರೆದಿದ್ದರು: "ನಮ್ಮನೆಯಲ್ಲೂ."
ಪಕ್ಕದ ಸಾಲಿನಲ್ಲಿ ಭೂತವೂ ಇರಲಿಲ್ಲ, ಚೂರಿಯೂ.
ಬಚ್ಚಲ ಟವೆಲ್ಲು ಒದ್ದೆಯಾಗಿತ್ತು
ಎಂದಷ್ಟೇ ಇತ್ತು.

ಇನ್ನು ಬೊಗುಮೀವಾ. ರಾತ್ರಿಪಾಳಿಯ ನರ್ಸು.
ಸತ್ತವರ ಕಣ್ಣು ಮುಚ್ಚಿ ಮುಚ್ಚಿ ಬೆರಳ ತುದಿ ನುಣುಪಾಗಿದೆ.
ಮೂವತ್ತು ವರ್ಷದಲ್ಲಿ ಅವಳು ಕಿರುಚಿದ್ದನ್ನು ಕೇಳಿದವರಿಲ್ಲ.
ನವೆಂಬರಿನಲ್ಲಿ ಅವಳು ಒಂದು ಕ್ಯಾಸೆಟ್ಟು ತಂದಳು,
ಸಂತೆಯಲ್ಲಿ ಸಿಕ್ಕಿದ್ದು, ಹೆಸರಿಲ್ಲದ್ದು.

ಅಡುಗೆಮನೆ. ಮೇಜು. ಮನೆಪಾಠ ಬರೆಯುವ ಹುಡುಗಿ.
ಎದುರಿಗೆ ತಾಯಿ, ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾಳೆ.
ಹಿನ್ನೆಲೆ ಸಂಗೀತವಿಲ್ಲ. ಹತ್ತು ನಿಮಿಷ ಬರೀ ಸಿಪ್ಪೆ.
ಕಾಝಿಕ್ ಆಕಳಿಸಿದ.
ಆಮೇಲೆ ತಾಯಿ, ಕತ್ತೆತ್ತದೆ,
"ಹಾನ್ಯಾ" ಎಂದಳು.
ತಪ್ಪೇನಿಲ್ಲ. ಸ್ವಲ್ಪ ನಿಧಾನ, ಅಷ್ಟೆ,
ಚೀಟಿಯಲ್ಲಿ ಬರೆದಿದ್ದನ್ನು ಓದಿದ ಹಾಗೆ.
ಹುಡುಗಿ ನೋಡಿದಳು.
ತಾಯಿ ನಕ್ಕು, ಇನ್ನೊಮ್ಮೆ, "ಹಾನ್ಯಾ."
ಹುಡುಗಿ ನೋಡುತ್ತಲೇ ಇದ್ದಳು.
ಮೂರನೆಯ ಸಲ ಸರಿಯಾಗಿತ್ತು.
ಹುಡುಗಿ ತಲೆ ತಗ್ಗಿಸಿ
ಲೆಕ್ಕ ಮುಂದುವರಿಸಿದಳು.

ಸಿನಿಮಾ ಅಲ್ಲಿಗೆ ಮುಗಿಯಿತು.

ಯಾರೂ ಬೀಟ್‌ರೂಟು ಅನ್ನಲಿಲ್ಲ.
ಯೊಲಾಂತಾಳ ಬೆರಳುಗಳು ಮಡಿಸಿದಲ್ಲೇ ಇದ್ದವು.
ಸಾರಿನ ಮೇಲೆ ಕೆನೆ ಕಟ್ಟಿತು.
ಆಗ ಬೊಗುಮೀವಾ, ಟೇಪು ಹಿಂದಕ್ಕೆ ಸುತ್ತುತ್ತ ಹೇಳಿದಳು:
ಹದಿನೆಂಟು ವರ್ಷದ ಹಿಂದೆ, ನಮ್ಮ ಮೂರನೇ ವಾರ್ಡಿನಲ್ಲಿ
ಪ್ರಜ್ಞೆ ತಪ್ಪಿದ್ದ ಹೆಂಗಸು ಎದ್ದು ಕೂತಳು.
ಗಂಡನಿಗೆ ಕುಣಿಯುವಷ್ಟು ಖುಷಿ.
ವಾರದ ಮೇಲೆ ಮೊಗಸಾಲೆಯಲ್ಲಿ ನನ್ನ ತೋಳು ಹಿಡಿದು ಅಂದ,
ಎಲ್ಲ ನೆನಪಿದೆ ಸಿಸ್ಟರ್, ನಾಯಿಯ ಹೆಸರೂ,
ಮದುವೆಯ ದಿನ ನನ್ನ ಬೂಟು ಕಚ್ಚಿದ್ದೂ.
ಆದರೆ.

"ಆದರೆ?" ಎಂದ ಕಾಝಿಕ್.
ಅಷ್ಟೇ ಅಂದ, ಎಂದಳು. ಆದರೆ, ಅಂದ.
ಅವಳ ಕೈಚೀಲ ಹಿಡಿದು ಮನೆಗೆ ಕರಕೊಂಡು ಹೋದ.

ಕೊನೆಯ ಟ್ರಾಮು ನಿಲ್ದಾಣ ಸೇರಿಸಿ
ಮಿರೊಸ್ವಾವ್ ಮನೆಗೆ ಬಂದಾಗ ಹನ್ನೆರಡೂವರೆ.
ಬಾಗಿಲ ಮೇಲೆ, ಜನವರಿಯಲ್ಲಿ ಪಾದ್ರಿ
ಸೀಮೆಸುಣ್ಣದಲ್ಲಿ ಬರೆದುಹೋದ ಮೂರು ಅಕ್ಷರ, ಮಸುಕು.
ನಮ್ಮ ಕಡೆ ಬಾಗಿಲು "ನಾಳೆ ಬಾ" ಎಂದು ವಾಯಿದೆ ಹೇಳುತ್ತದೆ;
ಈ ಬಾಗಿಲಿಗೆ ಆ ಜಾಣತನವಿಲ್ಲ.
ಬೀಗದಲ್ಲಿ ಕೀಲಿ ಇಟ್ಟ.
ಒಳಗಿನಿಂದ ಹೆಂಡತಿ, ನಿದ್ದೆಗಣ್ಣಿನಲ್ಲಿರಬೇಕು,
"ಮಿರೆಕ್?" ಎಂದಳು.

ಎಂದಿನ ದನಿ. ಎಂದಿನ ಮಿರೆಕ್.

ಕೀಲಿ ತಿರುಗಿಸದೆ ನಿಂತ.
ಇನ್ನೊಮ್ಮೆ ಕರೆಯಲಿ ಎಂದು ಕಾದ,
ಇನ್ನೊಮ್ಮೆ ಕರೆಯದಿರಲಿ ಎಂದೂ.