ನಡುಹುಲ್ಲು

ಸಭೆಯ ನಡಾವಳಿ ಬರೆಯುವವಳು ನಾನು.
ಹದಿನಾರು ವರ್ಷದಿಂದ ಇದೇ ಕುರ್ಚಿ,
ಐರ್ಲೆಂಡಿನ ಪಡುಗಡಲಿಗೆ ಬೆನ್ನು ಹಾಕಿದ ಇದೇ ಕಿಟಕಿ.
ಯಾರು ಏನೆಂದರು, ಅದನ್ನು ಬರೆಯಬೇಕು.
ಹೇಗೆಂದರು, ಅದನ್ನು ಬರೆಯುವಂತಿಲ್ಲ.

ಹೀಗಾಗಿ ಡಿಂಪ್ನಾ ಗರಿಟಿಯ ಅರ್ಜಿ
ನನ್ನ ಕಡತದಲ್ಲಿ ಒಂದೇ ಸಾಲು:
ಓಣಿ ೪೧೧೭, ಒಂದು ಮುಕ್ಕಾಲು ಕಿಲೋಮೀಟರು, ಡಾಂಬರು ಕೋರಿಕೆ. ಮುಂದೂಡಲಾಗಿದೆ.
ಒಂಬತ್ತು ಬಜೆಟ್ಟಿನಲ್ಲಿ ಒಂಬತ್ತು ಸಲ.
ಕೊನೆಕೊನೆಗೆ ಟೈಪು ಮಾಡುವುದನ್ನೂ ಬಿಟ್ಟೆ,
ಹೋದ ವರ್ಷದ ಸಾಲನ್ನೇ ಎತ್ತಿ
ಈ ವರ್ಷಕ್ಕೆ ಅಂಟಿಸಿದೆ.

ಬರೆಯದೆ ಉಳಿದದ್ದು:
ಹಾಲಿನ ಲಾರಿ ಅವಳ ತಿರುವಿಗೆ ಬರುವುದನ್ನು ಬಿಟ್ಟದ್ದು,
ಹದಿಮೂರು ಹಸು ಮಾರಿದ್ದು,
ಮಲಾಕಿಯ ಬಸ್ಸು ಮಂಗಳವಾರ, ಶುಕ್ರವಾರ, ಎರಡೇ ದಿನ,
ಅದೂ ಓಣಿಯ ಬಾಯಿಯ ತನಕ ಮಾತ್ರ.
ಅಲ್ಲಿಯವರೆಗೆ ಅವಳು ಗುಂಡಿ ಎಣಿಸುತ್ತ ನಡೆದು
ಎಪ್ಪತ್ತೆರಡಕ್ಕೆ ಲೆಕ್ಕ ತಪ್ಪಿ
ಮತ್ತೆ ಒಂದರಿಂದ.
ಅಣ್ಣ ಫೀಲಿಮ್ ತೀರಿಕೊಂಡ ದಿನ
ಶವದ ಕಾರು ಹೊಟ್ಟೆ ತಗುಲಿ ನಿಂತುಬಿಟ್ಟಿತು,
ಆರು ಜನ ಹೆಗಲು ಕೊಟ್ಟರು.
"ಈ ಕಡೆ ಇನ್ನೂ ಆರು ಹೆಗಲು ಸಿಕ್ಕವಲ್ಲ, ಅದೇ ದೊಡ್ಡದು" ಎಂದಳು.
ಸಭೆಯಲ್ಲಿ ಯಾರೋ ನಕ್ಕರು.

ಆ ವರ್ಷ ಹಣ ಬಂಡೆಯಂಚಿಗೆ ಹೋಯಿತು.
ಗಾಜಿನ ನೆಲದ ಅಟ್ಟಣೆ,
ಮುನ್ನೂರು ಕಾರು ನಿಲ್ಲುವ ಬಯಲು,
ಕಡಲಹಕ್ಕಿಗಳ ಹೆಸರು ಐದು ಭಾಷೆಯಲ್ಲಿ.
ಸದಸ್ಯ ಫಿಂಟನ್ ಮಲ್ಕ್ವೀನ್ ಹೇಳಿದ:
"ಬಂದವರ ಜೇಬಿನದೇ ನಾಳೆ ನಮ್ಮ ಓಣಿಗಳಿಗೆ ಹರಿಯುತ್ತದೆ."
ಕೆಟ್ಟವನಲ್ಲ ಫಿಂಟನ್.
ಅವನ ತಂಗಿಯ ಮಗ ಅಲ್ಲಿ ಕಾಫಿ ಮಾರಿಕೊಂಡು
ಊರು ಬಿಡದೆ ಉಳಿದಿದ್ದಾನೆ, ಅದೂ ಸುಳ್ಳಲ್ಲ.
ಆದರೆ ನೀರಿಗಾದರೆ ಇಳಿಜಾರು ಯಾವ ಕಡೆಗೆಂದು
ಎಮ್ಮೆ ಕೂಡ ಹೇಳೀತು.
ಹಣದ ಇಳಿಜಾರು
ನಮ್ಮ ಎಂಜಿನಿಯರನ ನಕ್ಷೆಯಲ್ಲಿಲ್ಲ.

ಆಮೇಲೊಂದು ಜೂನ್.
ದಾರಿ ತಪ್ಪಿದ ಬಾಡಿಗೆ ಕಾರು
ಡಿಂಪ್ನಾಳ ಓಣಿಗೆ ನುಗ್ಗಿ ಗುಂಡಿಗೆ ಬಿತ್ತು.
ಇಳಿದ ಗಂಡಹೆಂಡಿರು, ಯಾವ ದೇಶದವರೋ,
ಬೈಯಲಿಲ್ಲ.
ಮಂಡಿಯೂರಿ ಫೋಟೋ ತೆಗೆದರು:
ಗಾಲಿಯ ಎರಡು ಗೆರೆ, ನಡುವೆ ಗೇಣುದ್ದ ಹುಲ್ಲು,
ಹುಲ್ಲಿನಲ್ಲಿ ಚಿಟಿಕೆ ಚಿಟಿಕೆ ಬಿಳಿ ಡೇಸಿ,
ಬೇಲಿಯಿಂದ ಬಾಗಿದ ಕೆಂಪು ಫ್ಯೂಷಿಯಾ.
ಟ್ರ್ಯಾಕ್ಟರು ತಂದು ಕಾರು ಎಳೆಸಿದ್ದು ಡಿಂಪ್ನಾ.
ಫೋಟೋದಲ್ಲಿ ಅವಳಿಲ್ಲ.
ಆಗಸ್ಟಿನ ಹೊತ್ತಿಗೆ ದಿನಕ್ಕೆ ನಲವತ್ತು ಕಾರು
ಅದೇ ಹುಲ್ಲನ್ನು ಹುಡುಕಿಕೊಂಡು.

ಮೊದಲ ಸಲ ಆ ಓಣಿ
ಕಾರ್ಯಸೂಚಿಯ ತಲೆಗೇರಿತು.
ಸುಳ್ಳೇಕೆ, ನನ್ನ ಬೆರಳಿಗೂ ಹುರುಪು ಬಂತು.

ಠರಾವು: ಓಣಿ ೪೧೧೭ರ ನಡುಹುಲ್ಲನ್ನು
ಪರಂಪರೆಯೆಂದು ಕಾಪಾಡತಕ್ಕದ್ದು.
ಡಾಂಬರು ಹಾಕತಕ್ಕದ್ದಲ್ಲ.
ಕಂದು ಫಲಕ, ಒಂದು. ಬೆಂಚು, ಎರಡು.
ವೆಚ್ಚ ಹನ್ನೊಂದು ಸಾವಿರ ಯೂರೋ.
ವಿರೋಧ: ಇಲ್ಲ.

ಹಿಂದಿನ ಸಾಲಿನಲ್ಲಿ ಡಿಂಪ್ನಾ ಎದ್ದು ನಿಂತಳು.
ಒಂಬತ್ತು ವರ್ಷ ಮಾತಾಡಿದವಳು
ಹತ್ತನೆಯ ವರ್ಷ ಕೋಟಿನ ಗುಂಡಿ ಹಾಕಿಕೊಂಡಳು,
ಹೊರಟಳು.
ನಡಾವಳಿಗೆ ಸಿಕ್ಕುವಂಥದ್ದು ಏನೂ ಇರಲಿಲ್ಲ.

ರಾತ್ರಿ ಪ್ರತಿ ತಿದ್ದುವಾಗ ಕಂಡೆ:
ಬೆಂಚುಗಳ ಮುಂದೆ "ಸ್ಥಳ" ಎಂಬಲ್ಲಿ ಖಾಲಿ.
ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.
ಒಂದು ಫಲಕದ ಬಳಿ, ಎಂದು ಬರೆದೆ.
ಇನ್ನೊಂದು: ಬಸ್ಸು ನಿಲ್ಲುವಲ್ಲಿ.
ಹದಿನಾರು ವರ್ಷದಲ್ಲಿ
ನಾನು ಹೇಳಿದ್ದು ಅದೊಂದೇ ಮಾತು.
ಕೈ ಎತ್ತಿ ಒಪ್ಪಿದರು, ಓದದೆ.

ಶುಕ್ರವಾರ ಮಲಾಕಿ ಬರುವಷ್ಟರಲ್ಲಿ
ಅವಳು ಆ ಬೆಂಚಿನ ಮೇಲಿರುತ್ತಾಳಂತೆ,
ಬೂಟು ಕಳಚಿ,
ಒಳಗಿನ ಜಲ್ಲಿಕಲ್ಲು ಕೊಡವುತ್ತ.